ಸಹಾಯ ಬೇಕು: ಶಾಕ್ ಅಬ್ಸಾರ್ಬರ್ ಬದಲಿಸಿದರೆ ಕಾರಿನ ಎತ್ತರ ಸರಿಯಾಗುತ್ತದಾ?

ನನ್ನದು 2013ರ ಹ್ಯಾಚ್‌ಬ್ಯಾಕ್. ಉಡುಪಿಯ ಮಳೆಗಾಲದ ಹೊಂಡಗಳಲ್ಲಿ ಓಡಿಸಿ ಓಡಿಸಿ ಹಿಂದಿನ ಎರಡೂ ಶಾಕ್ ಹೋಗಿವೆ. ಎಣ್ಣೆ ಸೋರುತ್ತಿದೆ, ಹಂಪ್ ದಾಟಿದ ಮೇಲೂ ಕಾರು ಮೂರ್ನಾಲ್ಕು ಸಲ ಕುಣಿಯುತ್ತದೆ. ಜೊತೆಗೆ ಹಿಂಭಾಗ ತಗ್ಗಿದೆ. ಚಕ್ರದ ನಡುವಿನಿಂದ ಮೇಲಿನ ಕಮಾನಿಗೆ ಟೇಪ್ ಹಿಡಿದು ನೋಡಿದೆ, ಎಡಗಡೆ 2 ಸೆಂ.ಮೀ. ಕಡಿಮೆ.

ಶಾಕ್ ಹಾಕಿದರೆ ಎತ್ತರ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ಆದರೆ ಕಾರಿನ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಬರೀ ಕುಣಿತ ತಡೆಯುವುದು, ಅಲ್ವಾ? ಗ್ಯಾಸ್ ತುಂಬಿದ ಶಾಕ್ ಆದರೆ ಕೆಲವು ಮಿ.ಮೀ. ಎತ್ತಬಹುದು, ಅಷ್ಟೇ.

ಹಾಗಾದರೆ ಸ್ಪ್ರಿಂಗ್ ಜೋಡಿಯನ್ನೂ ಒಟ್ಟಿಗೇ ಬದಲಿಸಲಾ? ಸುಮ್ನೆ ಎರಡು ಸಲ ಲೇಬರ್ ಕೊಡಲು ಮನಸ್ಸಿಲ್ಲ. ಮಣಿಪಾಲ, ಮಂಗಳೂರು ಕಡೆ ಯಾರಾದರೂ ಈ ಕೆಲಸ ಮಾಡಿಸಿ, ಮೊದಲಿನ ಮತ್ತು ಆಮೇಲಿನ ಅಳತೆ ತೆಗೆದಿದ್ದರೆ ಹೇಳಿ ಮಾರಾಯ್ರೆ.