ಪದಚರ್ಚೆ: ಮ್ಯೂಸಿಯಂನವರ ‘ಕಾಸ್ಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಬಗ್ಗೆ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ‘ಕಾಸ್ಟ್’ (cast), ಅಂದರೆ ಅಸಲಿ ವಸ್ತುವಿನ ಅಚ್ಚು ತೆಗೆದು ಅದರಲ್ಲಿ ಹೊಯ್ದು ಮಾಡಿದ ಪ್ರತಿ, ಅನ್ನೋ ಪದ ಬಂದಲ್ಲಿ ಬರಹ ನಿಂತುಬಿಟ್ಟಿದೆ.

ಅಲ್ಲಿನ ದೊಡ್ಡ ಹಾಲ್‌ನಲ್ಲಿ ಈಗ ತೂಗುಹಾಕಿರುವುದು ನೀಲಿ ತಿಮಿಂಗಿಲದ ಎಲುಬುಗೂಡು. ಉದ್ದ 25 ಮೀಟರ್. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಹತ್ತಿರ ದಡಕ್ಕೆ ಸಿಕ್ಕಿಬಿದ್ದ ತಿಮಿಂಗಿಲದ್ದು, ಅಸಲಿ ಮೂಳೆ. 2017ರವರೆಗೂ ಅದೇ ಹಾಲ್‌ನಲ್ಲಿದ್ದ ‘ಡಿಪ್ಪಿ’ ಅನ್ನೋ ಡಿಪ್ಲೊಡೋಕಸ್ ಡೈನೋಸಾರ್ ಕಥೆ ಬೇರೆ. ಅದರಲ್ಲಿ ಮೂಳೆಯೂ ಇಲ್ಲ, ಪಳೆಯುಳಿಕೆಯೂ ಇಲ್ಲ. ಪೂರ್ತಿ ಪ್ಲಾಸ್ಟರ್, 292 ತುಂಡು. ಅಸಲಿ ಇರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಅಲ್ಲಿನ ಸಿರಿವಂತ ಉದ್ಯಮಿ ಆಂಡ್ರೂ ಕಾರ್ನೆಗಿ ಅದರ ಅಚ್ಚು ತೆಗೆಸಿ, ಪ್ರತಿ ಮಾಡಿಸಿ, 1905ರಲ್ಲಿ ಲಂಡನ್ನಿಗೆ ಕೊಟ್ಟರು. ಆಮೇಲೆ ಬರ್ಲಿನ್, ಪ್ಯಾರಿಸ್‌ಗೂ ಒಂದೊಂದು ಹೋಯಿತು.

ಇದನ್ನು ಏನಂತ ಕರೆಯೋದು? ‘ನಕಲಿ’ ಅಂದರೆ ನಕಲಿ ನೋಟು, ನಕಲಿ ಡಾಕ್ಟರ್ ನೆನಪಾಗ್ತಾರೆ. ಇಲ್ಲಿ ಯಾರೂ ಮೋಸ ಮಾಡಿಲ್ಲವಲ್ಲ! ‘ಪ್ರತಿಕೃತಿ’ ಅಂದರೆ ಪೇಪರ್ ಓದುವವರಿಗೆ ಮೊದಲು ಹೊಳೆಯೋದೇ ದಹನ. ಅದೂ ಅಲ್ಲದೆ ಬೆರಳುದ್ದದ ಬೊಂಬೆಯೂ ಪ್ರತಿಕೃತಿಯೇ.

‘ಅಚ್ಚು’ ನನಗೆ ಇಷ್ಟ. ತೊಡಕು ಏನೆಂದರೆ, ಸಂಕ್ರಾಂತಿಗೆ ಪಾಕ ಹೊಯ್ಯುವ ಕೊರೆದ ಮರದ ತುಂಡೂ ಅಚ್ಚು, ಅದರಿಂದ ಬಿಡಿಸಿದ ಸಕ್ಕರೆ ಗಿಳಿಯೂ ಅಚ್ಚು. ಅಡುಗೆಮನೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಪಳೆಯುಳಿಕೆ ವಿಷಯಕ್ಕೆ ಬಂದರೆ ಎರಡನ್ನೂ ಬೇರೆ ಮಾಡಲೇಬೇಕು. ಕಲ್ಲಿನಲ್ಲಿ ಹೂತ ಚಿಪ್ಪು ಕರಗಿ, ಅದರ ಆಕಾರದ ಪೊಳ್ಳು ಮಾತ್ರ ಉಳಿದರೆ ಅದು ‘ಮೌಲ್ಡ್’. ಆ ಪೊಳ್ಳಿನೊಳಗೆ ಖನಿಜ ತುಂಬಿ ಗಟ್ಟಿಯಾದರೆ ‘ಕಾಸ್ಟ್’.

ಸದ್ಯಕ್ಕೆ ಪೊಳ್ಳಿಗೆ ‘ಅಚ್ಚು’, ತುಂಬಿಕೊಂಡಿದ್ದಕ್ಕೆ ‘ಎರಕ’ ಅಂತ ಬರೆದಿದ್ದೇನೆ. ಆದರೆ ಎರಕ ಅಂದರೆ ಲೋಹವೇ ಕಣ್ಣಿಗೆ ಬರುತ್ತೆ, ಅಲ್ವಾ? ಡಿಪ್ಪಿಗಂತೂ ‘ಪಡಿಯಚ್ಚು’ ಚೆನ್ನಾಗಿ ಒಪ್ಪುತ್ತೆ. ‘ಥೇಟ್ ಅಪ್ಪನ ಪಡಿಯಚ್ಚು’ ಅಂತೀವಲ್ಲ, ಆ ಅರ್ಥದಲ್ಲಿ. ಕಲ್ಲಿನೊಳಗಿನ ಚಿಪ್ಪಿಗೂ ಅದನ್ನೇ ಹೇಳಬಹುದಾ?

ವಿಗ್ರಹ ಎರಕ ಹೊಯ್ಯುವವರು, ಅಚ್ಚಿನಲ್ಲಿ ಗಣಪತಿ ಮಾಡುವವರು ಈ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದಾರಾ? ಕೇಳಿಬಲ್ಲವರು ಯಾವ ಊರಿನ ಕಡೆಯ ಮಾತು ಅನ್ನೋದನ್ನೂ ಸೇರಿಸಿ ತಿಳಿಸಿ. ಸಂಸ್ಕೃತದಿಂದ ಹೊಸದಾಗಿ ಹೊಸೆದ ಪದ ಮಾತ್ರ ಬೇಡ, ಓದುವವರು ನಾಲ್ಕನೇ ಕ್ಲಾಸಿನ ಮಕ್ಕಳು.