ಊಟ ಆದ್ಮೇಲೆ ಎದೆ ಉರಿ: ಈನೋ ಸಾಕಾ, ಇಸಿಜಿ ಮಾಡಿಸ್ಬೇಕಾ?

ತೋಟದಮನೆ (ಪ್ರಶ್ನೆ)

ನಮ್ಮ ಯಜಮಾನರಿಗೆ 49 ವರ್ಷ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ತಗೋತಾರೆ. ಬಿಪಿ ನೋಡಿಸಿ ವರ್ಷದ ಮೇಲಾಯ್ತು. ಬೀಡಿ ಬಿಟ್ಟಿದ್ದಾರೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಮಾತ್ರ ಬಿಟ್ಟಿಲ್ಲ. ಇತ್ತೀಚೆಗೆ ರಾತ್ರಿ ಊಟ ಆದ್ಮೇಲೆ ಎದೆ ಉರಿ ಅಂತಾರೆ, ಈನೋ ಕುಡಿದು ಮಲಗ್ತಾರೆ. ನಾವಿರೋದು ತೀರ್ಥಹಳ್ಳಿಯಿಂದ ಒಳಗೆ. ಹೃದಯದ ಆಸ್ಪತ್ರೆ ಅಂದ್ರೆ ಶಿವಮೊಗ್ಗ, ಅರವತ್ತು ಕಿಲೋಮೀಟರ್ ಮೇಲೆ. ಗ್ಯಾಸ್ಟ್ರಿಕ್ಕಾ, ಹೃದಯದ್ದಾ ಅಂತ ಮನೇಲಿ ತಿಳ್ಕೊಳ್ಳೋದು ಹೇಗೆ? ನಾಲಿಗೆ ಅಡಿ ಇಡೋ ಮಾತ್ರೆ ತಂದಿಟ್ಕೋಬೇಕಾ? ಜೋರಾಗಿ ಕೆಮ್ಮಿದ್ರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತೆ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದೆ, ನಿಜಾನಾ? ಅಡುಗೇಲಿ ಏನೇನು ಬದಲಾಯಿಸ್ಬೇಕು ಅನ್ನೋದನ್ನ ಅಳತೆ ಸಮೇತ ಹೇಳಿ.

ಐಸಿಯು ನೈಟ್‌ಡ್ಯೂಟಿ

ಮೇಡಂ, ಮನೇಲಿ ಕೂತು ಖಚಿತವಾಗಿ ಬೇರೆ ಮಾಡೋಕೆ ಆಗಲ್ಲ. ಹೃದಯದ ಕೆಳಗಿನ ಗೋಡೆ ವಪೆಯ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಮೇಲೆ ಕೂತಿರುತ್ತೆ. ಅಲ್ಲಿಗೆ ರಕ್ತ ಕಡಿಮೆಯಾದ್ರೆ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣುತ್ತೆ, ವಾಕರಿಕೆ, ತೇಗು ಎಲ್ಲ ಬರುತ್ತೆ. "ತೇಗು ಬಂತು, ಹಗುರ ಆಯ್ತು" ಅನ್ನೋದು ಹೃದಯ ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಒಲವು ಯಾವ ಕಡೆ ಅಂತ ಮಾತ್ರ ಹೇಳಬಹುದು. ಬಗ್ಗಿದ್ರೆ, ಮಲಗಿದ್ರೆ ಜಾಸ್ತಿಯಾಗಿ ಬಾಯಿಗೆ ಹುಳಿನೀರು ಬಂದ್ರೆ ಆಸಿಡ್ ಇರಬಹುದು. ಒಂದೇ ಬೆರಳಲ್ಲಿ "ಇಲ್ಲೇ" ಅಂತ ತೋರಿಸೋ ಸೂಜಿ ಚುಚ್ಚಿದಂಥ ನೋವು ಹೃದಯದ್ದಾಗಿರೋದು ಕಡಿಮೆ. ಹೃದಯದ ನೋವಿರೋರು ಸಾಮಾನ್ಯವಾಗಿ ಬೆರಳು ಇಡಲ್ಲ, ಅಂಗೈ ಅಥವಾ ಮುಷ್ಟಿಯನ್ನೇ ಎದೆ ನಡುವೆ ಇಟ್ಟು ತೋರಿಸ್ತಾರೆ. ಹಿಂಡಿದ ಹಾಗೆ, ಕಲ್ಲು ಹೇರಿದ ಹಾಗೆ ಅಂತಾರೆ, ಎಷ್ಟೋ ಜನ "ನೋವಲ್ಲ, ಒಂಥರಾ ಭಾರ" ಅಂತಾರೆ. ಎಡಗೈ, ದವಡೆ, ಬೆನ್ನಿನ ನಡುವೆ, ಕೆಲವರಿಗೆ ಬಲಗೈಗೂ ಹರಡುತ್ತೆ. ಜೊತೆಗೆ ತಣ್ಣನೆ ಬೆವರು ಬಂದ್ರೆ ಚರ್ಚೆ ಮಾಡ್ತಾ ಕೂರಬೇಡಿ.

ಶುಗರ್ ಇರೋರಿಗೆ ನರ ಮಂಕಾಗಿ ನೋವೇ ಗೊತ್ತಾಗದೆ ಇರಬಹುದು. ಬರೀ ಏದುಸಿರು, ಕಾರಣವಿಲ್ಲದ ಸುಸ್ತು, ವಾಂತಿ ಇಷ್ಟೇ. ಹೆಂಗಸರಲ್ಲೂ ಇದು ಜಾಸ್ತಿ, ನಿಮಗೂ ಅನ್ವಯಿಸುತ್ತೆ.

ಒಂದು ಪ್ರಶ್ನೆ: ಆ ಉರಿ ಊಟ ಆದ್ಮೇಲೆ ಸುಮ್ಮನೆ ಕೂತಾಗ ಬರುತ್ತಾ, ನಡೆದಾಗ ಬರುತ್ತಾ? ಏರು ಹತ್ತುವಾಗ ಶುರುವಾಗಿ ನಿಂತ ಐದು ನಿಮಿಷದಲ್ಲಿ ಹೋಗುತ್ತಾ?

ತೋಟದಮನೆ

ಕೇಳಿದೆ. ತೋಟದಿಂದ ಮನೆಗೆ ಏರು ಹತ್ತುವಾಗಲೂ ಬರುತ್ತಂತೆ, ಒಂದು ಕಡೆ ನಿಂತ್ರೆ ಹೋಗುತ್ತಂತೆ. ಹದಿನೈದು ದಿನದಿಂದ. ನನಗೆ ಹೇಳೇ ಇರಲಿಲ್ಲ.

ಐಸಿಯು ನೈಟ್‌ಡ್ಯೂಟಿ

ಹಾಗಿದ್ರೆ ಅದನ್ನ ಗ್ಯಾಸ್ಟ್ರಿಕ್ ಅಂತ ಕರೆಯೋದು ನಿಲ್ಲಿಸಿ. ಶ್ರಮಕ್ಕೆ ಬಂದು ವಿಶ್ರಾಂತಿಗೆ ಹೋಗೋದು ಆಂಜೈನಾದ, ಅಂದ್ರೆ ಹೃದಯಕ್ಕೆ ರಕ್ತ ಸಾಲದೆ ಬರೋ ಎದೆನೋವಿನ ರೀತಿ. ಊಟ ಆದ್ಮೇಲೆ ಹೃದಯಕ್ಕೆ ಕೆಲಸ ಹೆಚ್ಚು, ಅದಕ್ಕೇ ಆಗಲೂ ಕಾಣಿಸ್ಕೊಳ್ಳುತ್ತೆ. ಹದಿನೈದು ದಿನದ ಹಿಂದೆ ಇರಲಿಲ್ಲ, ಈಗ ಇದೆ ಅನ್ನೋದೇ ಮುಖ್ಯ ವಿಷಯ. ಹೊಸದಾಗಿ ಶುರುವಾದ ಆಂಜೈನಾವನ್ನ ವೈದ್ಯರು ಹಳೇದಕ್ಕಿಂತ ಅಪಾಯ ಅಂತ ನೋಡ್ತಾರೆ, ರಕ್ತನಾಳದೊಳಗಿನ ಕೊಬ್ಬಿನ ಪದರ ಬಿರುಕು ಬಿಡ್ತಿರಬಹುದು. ತೋರಿಸೋದನ್ನ ಮುಂದಿನ ವಾರಕ್ಕೆ ಹಾಕಬೇಡಿ, ಇವತ್ತೇ ಹೋಗಿ. ಅಲ್ಲಿವರೆಗೆ ಏರು ಹತ್ತಿಸಬೇಡಿ, ಗೊಬ್ಬರದ ಚೀಲ ಎತ್ತಿಸಬೇಡಿ.

ಇಸಿಜಿ ರೂಮ್

ಮೇಲಿನವರು ಹೇಳಿದ್ದು ಸರಿ. ಆಸ್ಪತ್ರೆಯಲ್ಲಿ ಎಡವೋ ಜಾಗಗಳನ್ನ ನಾನು ಹೇಳ್ತೀನಿ.

ಮೊದಲನೇದು "ಇಸಿಜಿ ನಾರ್ಮಲ್, ಮನೆಗೆ ಹೋಗಿ". ಇಸಿಜಿ ಅಂದ್ರೆ ಆ ಹತ್ತು ಸೆಕೆಂಡಿನ ಚಿತ್ರ ಅಷ್ಟೇ. ನೋವಿಲ್ಲದ ಹೊತ್ತಲ್ಲಿ ತೆಗೆದ್ರೆ ಆಂಜೈನಾ ಇರೋರಲ್ಲೂ ಪೂರ್ತಿ ಸರಿಯಾಗಿ ಬರಬಹುದು. ಅಟ್ಯಾಕ್ ಶುರುವಿನಲ್ಲೂ ಮೊದಲನೇ ಇಸಿಜಿ ಸುಮ್ಮನಿದ್ದು, ಅರ್ಧ ಗಂಟೆ ಬಿಟ್ಟು ತೆಗೆದಾಗ ಎಸ್‌ಟಿ ಗೆರೆ (ಇಸಿಜಿಯಲ್ಲಿ ಅಟ್ಯಾಕ್ ತೋರಿಸೋ ಭಾಗ) ಎದ್ದಿರಬಹುದು. ನೋವು ಮುಂದುವರಿದಿದ್ರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೀಬೇಕು. ಜೊತೆಗೆ ಟ್ರೋಪೋನಿನ್ ರಕ್ತಪರೀಕ್ಷೆ ಬೇಕು, ಅದೂ ಒಂದೇ ಸಲ ಸಾಲದು. ಸ್ನಾಯು ಹಾನಿಯಾಗಿ ಅದು ರಕ್ತಕ್ಕೆ ಬರೋಕೆ ಗಂಟೆಗಳು ಬೇಕು, ಅದಕ್ಕೇ ಯಂತ್ರದ ಮೇಲೆ ಅವಲಂಬಿಸಿ ಕೆಲವು ಗಂಟೆ ಬಿಟ್ಟು ಇನ್ನೊಂದು ಸಲ ನೋಡ್ತಾರೆ. "ಎರಡನೇ ಇಸಿಜಿ ಯಾವಾಗ ತೆಗೀತೀರಿ ಸರ್?" ಅಂತ ಧೈರ್ಯವಾಗಿ ಕೇಳಿ. ಹಳೇ ಇಸಿಜಿ ಇದ್ರೆ ಫೋಟೋ ಫೋನಲ್ಲಿರಲಿ, ಹೋಲಿಸೋಕೆ ಅದು ಚಿನ್ನ.

2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಓಡಾಡಿದಾಗ ಮೈಸೂರಿನ ಜಯದೇವ ಹೃದಯದ ಆಸ್ಪತ್ರೆ ಮುಂದೆ ಉದ್ದುದ್ದ ಸಾಲು ನಿಂತಿತ್ತಲ್ಲ, ಆಗಲೂ ಇದೇ ಗೊಂದಲ. ಲಕ್ಷಣ ಇಲ್ಲದವರಿಗೆ ಮಲಗಿಸಿ ತೆಗೆದ ಇಸಿಜಿ ಮುಂದಿನ ವರ್ಷದ ಭವಿಷ್ಯ ಹೇಳಲ್ಲ.

ಎರಡನೇದು ದೂರ. ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿದ್ರೆ ಆಂಜಿಯೋಪ್ಲಾಸ್ಟಿ (ನಾಳದೊಳಗೆ ಬಲೂನ್ ಹಾಕಿ ಅಡ್ಡಿ ಬಿಡಿಸೋದು) ಬೇಗ ಸಿಗೋ ಕಡೆ ಅದೇ ಉತ್ತಮ. ಸುಮಾರು ಎರಡು ಗಂಟೆಯೊಳಗೆ ಅದು ಆಗಲ್ಲ ಅಂತಾದ್ರೆ ಹತ್ತಿರದಲ್ಲೇ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬೇಕು. ನಮ್ಮ ರಾಜ್ಯದಲ್ಲಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರೋದೇ ಇದಕ್ಕೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನ ದೊಡ್ಡ ಕೇಂದ್ರದ ತಜ್ಞರು ಕೂತಲ್ಲೇ ನೋಡ್ತಾರೆ, ಬೇಕಿದ್ರೆ ಟೆನೆಕ್ಟೆಪ್ಲೇಸ್ ಅನ್ನೋ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ. ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲಕ್ಕೆ ರಕ್ತನಾಳಕ್ಕೆ. ಮೊದಲ ಮೂರು ಗಂಟೆಯಲ್ಲಿ ಬಿದ್ರೆ ಉಪಯೋಗ ತುಂಬಾ, 12 ಗಂಟೆ ದಾಟಿದ್ರೆ ಸಾಮಾನ್ಯವಾಗಿ ಕೊಡಲ್ಲ. ಆಮೇಲೂ ಆಂಜಿಯೋಗ್ರಾಂಗೆ ಮುಂದೆ ಹೋಗ್ಲೇಬೇಕು, ನೋವು ಹೋಯ್ತು ಅಂತ ಮನೆಗೆ ವಾಪಸ್ ಬರೋ ಹಾಗಿಲ್ಲ.

ಇವತ್ತು ಹೇಗೂ ಹೋಗ್ತೀರಲ್ಲ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳ್ಕೊಂಡು ಬನ್ನಿ: ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯೋರು ಇರ್ತಾರಾ? ಈ ಇಂಜೆಕ್ಷನ್ ಸ್ಟಾಕ್ ಇದೆಯಾ? ಇಲ್ಲ ಅಂದ್ರೆ ಯಾವ ಕಡೆ ಓಡಬೇಕು ಅನ್ನೋದು ಈಗಲೇ ತೀರ್ಮಾನ ಆಗ್ಲಿ.

ಮೂರನೇದು, ದಾರೀಲಿ ಸಿಗೋ ಕ್ಲಿನಿಕ್ಕಲ್ಲಿ "ಗ್ಯಾಸಿಗೆ ಒಂದು ಇಂಜೆಕ್ಷನ್" ಚುಚ್ಚಿಸ್ಕೊಂಡು ಬರೋದು. ಸೊಂಟದ ಮಾಂಸಕ್ಕೆ ಚುಚ್ಚಿದ ಜಾಗದಲ್ಲಿ, ಆಮೇಲೆ ಹೆಪ್ಪು ಕರಗಿಸೋ ಔಷಧ ಕೊಟ್ಟಾಗ ರಕ್ತ ಸೋರಿ ಗಡ್ಡೆ ಕಟ್ಟುತ್ತೆ. ಡೈಕ್ಲೋಫೆನಾಕ್ ಥರದ ನೋವಿನ ಇಂಜೆಕ್ಷನ್ ಹೃದಯಕ್ಕೂ ಒಳ್ಳೇದಲ್ಲ. ಸಮಯವಂತೂ ಹಾಳು.

ಮಾತ್ರೆಡಬ್ಬಿ

ಮಾತ್ರೆ ವಿಷಯ. ಆಸ್ಪಿರಿನ್ ಒಂದು ಸ್ಟ್ರಿಪ್ ಮನೇಲಿರಲಿ. ಅಟ್ಯಾಕ್ ಅನುಮಾನ ಬಂದ್ರೆ ಒಟ್ಟು 300 ಮಿಲಿಗ್ರಾಂ ಆಸುಪಾಸು, ಅಗಿದು ನುಂಗಬೇಕು. ಇಕೋಸ್ಪ್ರಿನ್ 75 ಆದ್ರೆ ನಾಲ್ಕು, 150 ಆದ್ರೆ ಎರಡು. ಇಕೋಸ್ಪ್ರಿನ್ ಮೇಲೆ ಹೊಟ್ಟೆಯಲ್ಲಿ ಕರಗದಂಥ ಲೇಪ ಇರುತ್ತೆ, ಇಡಿಯಾಗಿ ನುಂಗಿದ್ರೆ ಕೆಲಸ ಶುರುವಾಗೋದೇ ತಡ. ತಲೆನೋವಿನ ಮಾತ್ರೆ ಎಲ್ಲ ಆಸ್ಪಿರಿನ್ ಅಲ್ಲ, ಸ್ಟ್ರಿಪ್ ಹಿಂದೆ ಓದಿ. ಪ್ಯಾರಸಿಟಮಾಲ್‌ನಿಂದ ಇಲ್ಲಿ ಏನೂ ಆಗಲ್ಲ. ವಿನೆಗರ್ ವಾಸನೆ ಬಂದ್ರೆ ಕೆಟ್ಟಿದೆ ಅಂತ, ಎಸೀರಿ.

ಯಾರಿಗೆ ಬೇಡ: ಆಸ್ಪಿರಿನ್ ಅಲರ್ಜಿ ಇರೋರಿಗೆ, ಹೊಟ್ಟೆಹುಣ್ಣಿನಿಂದ ರಕ್ತ ಹೋಗ್ತಿರೋರಿಗೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ, ಮಾತು ತೊದಲೋದು, ಬಾಯಿ ಸೊಟ್ಟ ಆಗೋದು ಇದ್ರೆ (ಅದು ಪಾರ್ಶ್ವವಾಯು ಇರಬಹುದು). 108ಕ್ಕೆ ಮೊದಲು ಫೋನ್, ಆಮೇಲೆ ಮಾತ್ರೆ. ಮಾತ್ರೆ ಕೊಟ್ಟು "ನೋಡೋಣ" ಅಂತ ಕಾಯೋದಲ್ಲ.

ನಾಲಿಗೆ ಅಡಿ ಇಡೋ ಸಾರ್ಬಿಟ್ರೇಟನ್ನ ವೈದ್ಯರು ಬರೆದುಕೊಟ್ಟಿದ್ರೆ ಮಾತ್ರ. ಅದು ರಕ್ತನಾಳ ಸಡಿಲ ಮಾಡುತ್ತೆ, ಬಿಪಿ ಧಡಕ್ಕನೆ ಇಳಿಯುತ್ತೆ. ಮೊದಲೇ ಬಿಪಿ ಕಡಿಮೆ ಇದ್ದು ಬೆವರ್ತಿರೋರಿಗೆ ಕೊಟ್ರೆ ಕುಸಿದು ಬೀಳ್ತಾರೆ. ವಯಾಗ್ರಾ ಥರದ ಮಾತ್ರೆ (ಸಿಲ್ಡೆನಾಫಿಲ್) ತಗೊಂಡ 24 ಗಂಟೆಯೊಳಗೆ, ಟಡಾಲಾಫಿಲ್ ಆದ್ರೆ 48 ಗಂಟೆಯೊಳಗೆ ಕೊಡಲೇಬಾರದು. ಗಂಡಸರು ಇದನ್ನ ಮನೆಯವರ ಮುಂದೆ ಹೇಳಲ್ಲ, ಆಂಬುಲೆನ್ಸಿನವರ ಹತ್ರ ಹೇಳೋಕಾದ್ರೂ ಅವಕಾಶ ಕೊಡಿ.

ಕೆಮ್ಮೋದು ಶುದ್ಧ ಸುಳ್ಳು. ಹೃದಯ ನಿಂತ್ರೆ ಕೆಲವೇ ಸೆಕೆಂಡಲ್ಲಿ ಪ್ರಜ್ಞೆ ಹೋಗುತ್ತೆ. ಕೆಮ್ಮೋಕೆ ಆಗ್ತಿದೆ ಅಂದ್ರೆ ಇನ್ನೂ ಬಡೀತಿದೆ ಅಂತ ಅರ್ಥ, ಆ ಹೊತ್ತನ್ನ ಫೋನಿಗೆ ಬಳಸಿ. ಪ್ರಜ್ಞೆ ತಪ್ಪಿ ಉಸಿರಾಟ ನಿಂತ್ರೆ, ಅಥವಾ ಆಗೊಮ್ಮೆ ಈಗೊಮ್ಮೆ ಎಳೆದ ಹಾಗಿದ್ರೆ, ಗಟ್ಟಿ ನೆಲದ ಮೇಲೆ ಮಲಗಿಸಿ. ಎದೆ ನಡುವಿನ ಮೂಳೆ ಮೇಲೆ ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲಿ. ಮಂಚದ ಹಾಸಿಗೆ ಮೇಲೆ ಒತ್ತಿದ್ರೆ ಹಾಸಿಗೆ ಇಳಿಯುತ್ತೆ, ಎದೆ ಇಳಿಯಲ್ಲ.

ಐಸಿಯು ನೈಟ್‌ಡ್ಯೂಟಿ

ಒಂದು ಸೇರಿಸ್ತೀನಿ. ತೋಟದ ಮನೆ ಅಂದ್ರೆ ಗಾಡಿ ಅಂಗಳದವರೆಗೆ ಬರಲ್ಲ ಅನ್ಸುತ್ತೆ. ರಸ್ತೆವರೆಗೆ ನಡೆಸ್ಕೊಂಡು ಹೋಗಬೇಡಿ, ಆ ಏರೇ ಸಾಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ಕೊಂಡು ಹೋಗಿ. ಬೈಕಲ್ಲಿ ನಡುವೆ ಕೂರಿಸ್ಕೊಂಡು ಹೋಗೋದು, ಅವರೇ ಗಾಡಿ ಓಡಿಸೋದು ಎರಡೂ ಬೇಡ. ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ದೇವರಿಗೆ ದೀಪ ಹಚ್ಚಿ ಹೊರಡೋದರಲ್ಲೇ ಮುಕ್ಕಾಲು ಗಂಟೆ ಹೋಗಿರುತ್ತೆ ಎಷ್ಟೋ ಮನೇಲಿ.

ಒಗ್ಗರಣೆ ಲೆಕ್ಕ

ಅಡುಗೆಮನೆ ಪ್ರಶ್ನೆ ಯಾರೂ ಮುಟ್ಟಿಲ್ಲ. ಚಮಚ ಎಣಿಸೋಕೆ ಹೋದ್ರೆ ನಾಲ್ಕನೇ ದಿನಕ್ಕೆ ಬಿಡ್ತೀರಿ. ಪ್ಯಾಕೆಟ್ ಎಣಿಸಿ.

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚ, ಎಲ್ಲ ಸೇರಿ. ಮೂರು ಜನಕ್ಕೆ ತಿಂಗಳಿಗೆ 450 ಗ್ರಾಂ. ಒಂದು ಕೆಜಿ ಪ್ಯಾಕೆಟ್ ಒಡೆದ ದಿನ ಮೇಲೆ ಪೆನ್ನಲ್ಲಿ ತಾರೀಕು ಬರೀರಿ. ಎರಡು ತಿಂಗಳಾದ್ರೂ ಬರಬೇಕು. ಆದ್ರೆ ಮಲೆನಾಡಲ್ಲಿ ಕಳ್ಳ ಲೆಕ್ಕ ಬೇರೆ ಇದೆ: ಮಿಡಿ ಉಪ್ಪಿನಕಾಯಿಗೆ ಸುರಿದ ಕಲ್ಲುಪ್ಪು, ಹಪ್ಪಳ, ಸಂಡಿಗೆ, ಬಾಳಕದ ಮೆಣಸು. ಉಪ್ಪಿನಕಾಯಿ ರಸ ಅನ್ನಕ್ಕೆ ಕಲಸೋದು ನಿಂತ್ರೇ ದೊಡ್ಡ ವ್ಯತ್ಯಾಸ. ಮಿಡಿ ಚೂರು ಕಚ್ಚಿಕೊಳ್ಳಲಿ, ರಸ ಬೇಡ. ಲೋ ಸೋಡಿಯಂ ಉಪ್ಪಲ್ಲಿ ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ತೊಂದರೆ ಇದ್ರೆ, ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ ತಗೊಳ್ತಿದ್ರೆ ಕೇಳದೆ ಬಳಸಬೇಡಿ.

ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್, ಮೂವರಿಗೆ ಒಂದೂವರೆ. ಕರಿದ ಎಣ್ಣೆಯನ್ನ ಬಾಟಲಿಗೆ ವಾಪಸ್ ಸುರೀಬೇಡಿ. ಅಂಗಡಿ ಬೋಂಡಾದ ತೊಂದರೆಯೂ ಅದೇ, ಬೆಳಗಿನಿಂದ ಸಂಜೆವರೆಗೆ ಒಂದೇ ಬಾಣಲೆ.

ಅನ್ನ: ಶುಗರ್ ಇರೋರಿಗೆ ತಟ್ಟೆಯಲ್ಲಿ ಮೊದಲು ಪಲ್ಯ ಅರ್ಧ, ಕಾಳು ಅಥವಾ ಬೇಳೆ ಕಾಲು, ಉಳಿದ ಕಾಲು ಭಾಗಕ್ಕೆ ಅನ್ನ. ಸಾಮಾನ್ಯವಾಗಿ ನಾವು ಬಡಿಸೋದು ಇದರ ತಲೆಕೆಳಗು. ರಾಗಿ ಮುದ್ದೆಗೆ ಬದಲಾಯಿಸಿದ್ರೆ ಮುಗೀತು ಅನ್ನೋದೂ ತಪ್ಪು, ಮುದ್ದೆ ತೆಂಗಿನಕಾಯಿ ಗಾತ್ರ ಇದ್ರೆ ಅದೂ ಹಿಟ್ಟೇ.

ಕುಂದಾಪ್ರ ಕಡಲು

ತೆಂಗಿನೆಣ್ಣೆ ಬಗ್ಗೆ ಹೇಳಿಲ್ಲ. ಕರಾವಳಿಯವರು ಅದನ್ನೇ ತಿಂದು ತೊಂಬತ್ತು ವರ್ಷ ಬದುಕಿಲ್ವಾ?

ಒಗ್ಗರಣೆ ಲೆಕ್ಕ

ಬದುಕಿದ್ದಾರೆ, ಗದ್ದೆ ಉತ್ತು, ದೋಣಿ ಎಳೆದು. ತೆಂಗಿನೆಣ್ಣೆಯಲ್ಲಿ ಹತ್ತಿರ ಹತ್ತಿರ 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿಸುತ್ತೆ. ಒಗ್ಗರಣೆಗೆ ಒಂದು ಚಮಚ ಘಮಕ್ಕೆ ಹಾಕಿ, ದಿನದ ಅಡುಗೆಗೆ ಶೇಂಗಾ ಎಣ್ಣೆ, ಎಳ್ಳೆಣ್ಣೆ, ಸೂರ್ಯಕಾಂತಿ ಬದಲಾಯಿಸ್ತಾ ಇರಿ. ಬಂಗುಡೆ, ಬೂತಾಯಿ ಬಿಡಬೇಡಿ, ಕರಿಯದೆ ಸಾರು ಮಾಡಿ.

ಇಸಿಜಿ ರೂಮ್

ಹೊಗೆಸೊಪ್ಪನ್ನ ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ. ಬೀಡಿ ಬಿಟ್ಟು ಹೊಗೆಸೊಪ್ಪು ಜಗಿದ್ರೆ ನಿಕೋಟಿನ್ ಹೋಗಲ್ಲ, ನಾಡಿ, ಬಿಪಿ ಏರುತ್ತೆ. ಎಲೆ ಅಡಿಕೆಯಿಂದ ಮೊದಲು ಹೊಗೆಸೊಪ್ಪು ಹೋಗ್ಲಿ.

ಬಿಪಿ ಮನೇಲಿ ನೋಡೋದಾದ್ರೆ ತೋಳಿಗೆ ಕಟ್ಟೋ ಯಂತ್ರ ತಗೊಳ್ಳಿ, ಮಣಿಕಟ್ಟಿನದ್ದು ಬೇಡ. ಕಾಫಿ ಕುಡಿದು ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಸುಮ್ಮನೆ ಕೂತು, ಕಾಲು ನೆಲಕ್ಕೂರಿ, ಕೈ ಹೃದಯದ ಮಟ್ಟಕ್ಕೆ ಮೇಜಿನ ಮೇಲಿಟ್ಟು. ಬೆಳಗ್ಗೆ ಎರಡು, ಸಂಜೆ ಎರಡು, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೀರಿ. ಮನೇಲಿ 135/85 ದಾಟಿದ್ರೆ ವೈದ್ಯರಿಗೆ ಆ ಚೀಟಿ ತೋರಿಸಿ. ಹೊಕ್ಕಳ ಮಟ್ಟದಲ್ಲಿ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು, ಪ್ಯಾಂಟಿನ ಸೈಜ್ ನಂಬಬೇಡಿ, ಅದನ್ನ ಹೊಟ್ಟೆ ಕೆಳಗೆ ಕಟ್ಟಿರ್ತಾರೆ.

40 ದಾಟಿ ಶುಗರ್ ಇರೋರಿಗೆ ಕೊಲೆಸ್ಟ್ರಾಲ್ ತೀರಾ ಜಾಸ್ತಿ ಇಲ್ಲದಿದ್ರೂ ಸಾಮಾನ್ಯವಾಗಿ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ಕೊಡ್ತಾರೆ, ಕೇಳಿ. ಲೈಪೋಪ್ರೋಟೀನ್ ಎ (ರಕ್ತದಲ್ಲಿರೋ ಒಂದು ಥರದ ಕೊಲೆಸ್ಟ್ರಾಲ್ ಕಣ) ಅನ್ನೋ ಪರೀಕ್ಷೆ ಜೀವನದಲ್ಲಿ ಒಮ್ಮೆ ಮಾಡಿಸಿದ್ರೆ ಸಾಕು, ಅದು ವಂಶದಿಂದ ಬರೋದು. ನಡಿಗೆ ವಾರಕ್ಕೆ 150 ನಿಮಿಷ, ಮಾತಾಡೋಕಾಗಬೇಕು, ಹಾಡೋಕಾಗಬಾರದು, ಅಷ್ಟು ಬಿರುಸು. ಆದ್ರೆ ನಿಮ್ಮ ಯಜಮಾನರಿಗೆ ಇದು ಈಗ ಅಲ್ಲ. ವೈದ್ಯರು ನೋಡಿ ಹೇಳಿದ ಮೇಲೆ.

ತೋಟದಮನೆ

ಎಲ್ಲರಿಗೂ ಧನ್ಯವಾದ. ಹೊರಡ್ತಿದ್ದೀವಿ, ಭಾವನ ಜೀಪು ಬರ್ತಾ ಇದೆ. ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕಾ?

ಇಸಿಜಿ ರೂಮ್

ಬೇಡ. ಇಸಿಜಿಗೂ ಟ್ರೋಪೋನಿನ್‌ಗೂ ಖಾಲಿ ಹೊಟ್ಟೆ ಬೇಕಿಲ್ಲ. ಶುಗರ್ ಮಾತ್ರೆಯ ಚೀಟಿ, ಹಳೇ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ಒಂದೇ ಕವರಲ್ಲಿ ಹಾಕ್ಕೊಳ್ಳಿ. ಒಳಗೆ ಹೋದ ತಕ್ಷಣ "ಗ್ಯಾಸ್ಟ್ರಿಕ್" ಅಂತ ಶುರು ಮಾಡಬೇಡಿ. "ಏರು ಹತ್ತಿದ್ರೆ ಎದೆ ಉರಿ, ನಿಂತ್ರೆ ಹೋಗುತ್ತೆ, ಹದಿನೈದು ದಿನದಿಂದ, ಶುಗರ್ ಇದೆ" ಅಂತ ಇದೇ ಕ್ರಮದಲ್ಲಿ ಹೇಳಿ. ಜೀಪು ಮನೆ ಬಾಗಿಲವರೆಗೆ ಬರಲಿ.