ಮಿಲ್ಲಿಂಗ್ ಮಷೀನ್‌ಗೆ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗೋ ಮೋಟರ್) ಹಾಕಿ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನ್) ಮಾಡೋದು: ಪ್ರಶ್ನೋತ್ತರ (ಕೇಳಿದವರು ಊರಿನ ಹೆಸರಲ್ಲಿ)

ಪೀಣ್ಯ: ಸರ್, ಟೇಬಲ್ ಓಡೋ ಎಕ್ಸ್, ವೈಗೆ ಎಷ್ಟು ಟಾರ್ಕ್‌ನ (ತಿರುಗಿಸೋ ಬಲದ) ಮೋಟರ್ ತಗೋಬೇಕು?

ಉತ್ತರ: ಬರೀ ಹೋಲ್ಡಿಂಗ್ ಟಾರ್ಕ್ ನೋಡಿ ಕೊಳ್ಳಬೇಡಿ, ಅದು ನಿಂತಾಗಿನ ಲೆಕ್ಕ. ಸ್ಪೀಡ್ ಏರಿದಂತೆ ಸ್ಟೆಪ್ಪರ್ ಬಲ ಇಳಿಯುತ್ತೆ. 5 ಎಂಎಂ ಲೀಡ್‌ನಲ್ಲಿ (ಸ್ಕ್ರೂ ಒಂದು ಸುತ್ತಿಗೆ 5 ಎಂಎಂ ಸಾಗೋದು) ನಿಮಿಷಕ್ಕೆ 3 ಮೀಟರ್ ಓಡಬೇಕಂದ್ರೆ 600 ಆರ್‌ಪಿಎಂ. ಅಲ್ಲಿ ಎಷ್ಟು ಉಳಿದಿದೆ ಅಂತ ಟಾರ್ಕ್ ಕರ್ವ್‌ನಲ್ಲಿ ನೋಡಿ.

ಬೆಳಗಾವಿ: ಸರ, ನಮ್ಮದು ಬೆಂಚ್ ಮಿಲ್ಲಿಂಗ್. ಹೆಡ್ ಮ್ಯಾಲ ಕೆಳಗ ಮಾಡೋ ಝಡ್‌ನ ಹಳೇ ಸ್ಕ್ರೂ ತಗದು 5 ಎಂಎಂ ಲೀಡ್ ಬಾಲ್ ಸ್ಕ್ರೂ ಹಾಕೀನ್ರಿ. ನಿನ್ನೆ ಕರೆಂಟ್ ಹೋತು, ಹೆಡ್ ತಾನ ಎರಡು ಇಂಚ ಕೆಳಗ ಬಂತು. 60 ಕೆಜಿ ಇರಬಹುದು. ಗಿಬ್ (ಸ್ಲೈಡಿನ ಸಡಿಲ ತಗಿಯೋ ಪಟ್ಟಿ) ಟೈಟ್ ಮಾಡಿದ್ರ ಸಾಕೇನ್ರಿ?

ಉತ್ತರ: ಸಾಕಾಗಲ್ಲ. ಮೊದಲು ಹೆಡ್ ಕೆಳಗೆ ಮರದ ದಿಮ್ಮಿ ಕೊಡಿ, ಆಮೇಲೆ ಇದನ್ನ ಓದಿ. ಹಳೇ ಸ್ಕ್ರೂ ನಟ್‌ಗೆ ಉಜ್ಜಿಕೊಂಡು ತಾನೇ ಲಾಕ್ ಆಗ್ತಿತ್ತು. ಬಾಲ್ ಸ್ಕ್ರೂನಲ್ಲಿ ಗುಂಡುಗಳು ಉರುಳ್ತವೆ, ಹೆಡ್ಡಿನ ಭಾರವೇ ಸ್ಕ್ರೂ ತಿರುಗಿಸುತ್ತೆ. 60 ಕೆಜಿಗೆ ಶಾಫ್ಟ್ ಮೇಲೆ ಬೀಳೋದು ಸುಮಾರು ಅರ್ಧ ನ್ಯೂಟನ್ ಮೀಟರ್. ಕರೆಂಟ್ ಇದ್ದಾಗ ಸ್ಟೆಪ್ಪರ್ ಇದನ್ನ ಸಲೀಸಾಗಿ ಹಿಡಿಯುತ್ತೆ. ಹೋದ ಮೇಲೆ ಉಳಿಯೋದು ಕೈಲಿ ತಿರುಗಿಸಿದಾಗ ಸಿಗುವ ಆ ಟಕ್ ಟಕ್ ಹಿಡಿತ ಅಷ್ಟೇ.

ನನ್ನ ಭಯ ಬೇರೆ. ನಿಮ್ಮ ಎಮರ್ಜೆನ್ಸಿ ಸ್ಟಾಪ್, ಡ್ರೈವರ್‌ನ (ಮೋಟರ್‌ಗೆ ಕರೆಂಟ್ ಕೊಡೋ ಬೋರ್ಡ್) ಪವರ್ ಕಟ್ ಮಾಡ್ತಿದ್ರೆ, ಒತ್ತಿದ ತಕ್ಷಣ ಹೆಡ್ ಇಳಿಯುತ್ತೆ. ನಾನು ಮಾಡಿಕೊಟ್ಟ ಒಂದು ಮಷೀನ್‌ನಲ್ಲಿ ಹೀಗೇ ಆಯ್ತು. ಹುಡುಗ ವೈಸ್‌ನ ಹಿಡಿತದಿಂದ ಜಾಬ್ (ಕತ್ತರಿಸಿದ ತುಂಡು) ತೆಗೀತಿದ್ದ, ಕಟ್ಟರ್ ಅವನ ಹೆಬ್ಬೆರಳಿಗೆ ಒಂದು ನಾಣ್ಯದ ದಪ್ಪದಷ್ಟು ಮೇಲೆ ನಿಂತಿತು. ಅವತ್ತಿಂದ ಬ್ರೇಕ್ ಇಲ್ಲದ ಝಡ್ ಮೋಟರ್ ನಾನು ಕೂರಿಸಿಲ್ಲ.

24 ವೋಲ್ಟ್ ಬ್ರೇಕ್ ಇರೋ ಮೋಟರ್ ಹಾಕಿ, ಕರೆಂಟ್ ಹೋದರೆ ಹಿಡಿಯುವಂಥದ್ದು. ಎಮರ್ಜೆನ್ಸಿ ಒತ್ತಿದಾಗ ಬ್ರೇಕಿನ ಸಪ್ಲೈನೂ ಹೋಗಬೇಕು. ಜೊತೆಗೆ ಹೆಡ್ಡಿನ ಭಾರ ಹೊರೋಕೆ ಗ್ಯಾಸ್ ಸ್ಪ್ರಿಂಗ್ ಅಥವಾ ಕೌಂಟರ್‌ವೇಟ್. ಗಿಬ್ ಬಿಗಿದರೆ ಮೋಟರ್ ಸ್ಟೆಪ್ ತಪ್ಪುತ್ತೆ, ಎಣ್ಣೆ ಬಿಟ್ಟ ದಿನ ಹೆಡ್ ಮತ್ತೆ ಜಾರುತ್ತೆ.

ಹೊಸೂರು: ಮೋಟರ್ ವೈರ್ ಶಾರ್ಟ್ ಮಾಡಿದ್ರೆ ಬ್ರೇಕ್ ಆಗುತ್ತಂತೆ. ವಿಡಿಯೋ ಹಾಕಿದೀನಿ.

ಉತ್ತರ: ಈ ಫಾರ್ವರ್ಡ್ ಮೂರನೇ ಸಲ ಬರ್ತಿದೆ. ಶಾರ್ಟ್ ಮಾಡಿದ್ರೆ ನಿಧಾನ ಆಗುತ್ತೆ, ನಿಲ್ಲಲ್ಲ. ಆನ್ ಇರುವಾಗ ವೈರ್ ಬಿಚ್ಚಿದ್ರೆ ಡ್ರೈವರ್ ಸುಡುತ್ತೆ. ಯಾರೂ ಮಾಡಬೇಡಿ.

ತುಮಕೂರು: ಟೇಬಲ್‌ನಲ್ಲಿ 0.3 ಎಂಎಂ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಾದಾಗಿನ ಸಡಿಲ) ಇದೆ. ಮಷೀನ್ ನಡೆಸೋ ಮ್ಯಾಕ್3 ಸಾಫ್ಟ್‌ವೇರ್‌ನಲ್ಲಿ ಕಾಂಪೆನ್ಸೇಷನ್ ಕೊಟ್ರೆ ಹೋಗುತ್ತಾ?

ಉತ್ತರ: ಸಾಫ್ಟ್‌ವೇರ್ ನಟ್ ಬಿಗಿ ಮಾಡಲ್ಲ. ಕ್ಲೈಂಬ್ ಕಟ್ (ಕಟ್ಟರ್ ತಿರುಗೋ ಕಡೆಗೇ ಜಾಬ್ ಓಡಿಸೋದು) ಕೊಟ್ಟಾಗ ಕಟ್ಟರ್ ಟೇಬಲ್‌ನೇ ಎಳ್ಕೊಳ್ಳುತ್ತೆ. ನಟ್ ಬದಲಿಸಿ.

ರಾಜಾಜಿನಗರ: ಇನ್ನೂ ಮ್ಯಾಕ್3 ಯಾಕೆ? ಪ್ಯಾರಲಲ್ ಪೋರ್ಟ್‌ಗೆ 32 ಬಿಟ್ ವಿಂಡೋಸೇ ಬೇಕು. ಲಿನಕ್ಸ್‌ಸಿಎನ್‌ಸಿ ಉಚಿತ.

ತುಮಕೂರು: ನಮ್ಮ ಆಪರೇಟರ್‌ಗೆ ಲಿನಕ್ಸ್ ಯಾರು ಕಲಿಸ್ತಾರೆ, ನೀವು ಬರ್ತೀರಾ?

ರಾಜಾಜಿನಗರ: ಕಲಿಯೋ ಮನಸ್ಸಿಲ್ಲದವರು ಹ್ಯಾಂಡ್‌ವೀಲೇ ತಿರುಗಿಸ್ಲಿ.

ತುಮಕೂರು: ಮಾತು ನೋಡ್ಕೊಂಡು ಆಡಿ.

ಮೈಸೂರು: ಸ್ಪಿಂಡಲ್ ಆನ್ ಮಾಡಿದ್ರೆ ಲಿಮಿಟ್ ಸ್ವಿಚ್ ಸುಮ್ಮನೆ ಟ್ರಿಪ್ ಆಗ್ತಿದೆ. ವಿಎಫ್‌ಡಿ (ಸ್ಪಿಂಡಲ್ ಸ್ಪೀಡ್ ಬದಲಿಸೋ ಡ್ರೈವ್) ಇದೆ. ಯಾರಾದರೂ ಹೇಳಿ.

ದಾವಣಗೆರೆ: ಎಷ್ಟು ಟಾರ್ಕ್ ಮೋಟರ್ ಬೇಕು ಸರ್?

ಉತ್ತರ: ಮೇಲೆ ಬರೆದಿದೆ.

ರಾಜಾಜಿನಗರ: ಮ್ಯಾಕ್3 ಬಗ್ಗೆ ನಾನು ಹೇಳಿದ್ದರಲ್ಲಿ ತಪ್ಪೇನಿದೆ?

ಉತ್ತರ: ಆ ಜಗಳ ಬೇರೆ ಕಡೆ ಇಟ್ಕೊಳ್ಳಿ. ಬೆಳಗಾವಿಯವರೇ, ದಿಮ್ಮಿ ಇಟ್ಟಿರಾ?

ಬೆಳಗಾವಿ: ಇಟ್ಟೀನ್ರಿ ಸರ. ಮೇನ್ ಸ್ವಿಚ್ಚೂ ಆರ್ಸೀನಿ.

ಉತ್ತರ: ಬ್ರೇಕ್ ಮೋಟರ್ ಬರೋವರೆಗೂ ಹಾಗೇ ಇರಲಿ.